ವಿಳಾಸ ಮೀಮಾಂಸೆ: ಏಕಸೂತ್ರ ಭಾಷ್ಯ

ಲಿನಕ್ಸ್ ಪರಂಪರೆಯಲ್ಲಿ ಕಂಪ್ಯೂಟರಿಗೆ ವಿಳಾಸ ದಯಪಾಲಿಸುವ ಸೂತ್ರ ಒಂದೇ ಸಾಲಿನದು: ‘ಐಪಿ ಅಡ್ರ್ ಆ್ಯಡ್ 192.168.1.10/24 ಡೆವ್ ಈಥ್0’. ಇಷ್ಟು ಚಿಕ್ಕ ಸೂತ್ರಕ್ಕೆ ಭಾಷ್ಯವೇಕೆಂದು ಕೇಳುವವರು ಇದನ್ನು ಒಮ್ಮೆಯೂ ಟೈಪ್ ಮಾಡಿದವರಲ್ಲ.

ಶಾಸ್ತ್ರಾರಂಭದಲ್ಲಿ ಅಧಿಕಾರಿ ಯಾರೆಂಬುದು ನಿರ್ಣಯವಾಗಬೇಕು. ವೇದಾಂತಿಗಳು ಇದಕ್ಕೆ ವಿವೇಕ, ವೈರಾಗ್ಯಗಳನ್ನು ವಿಧಿಸಿದರು. ಇಲ್ಲಿ ವಿವೇಕವನ್ನು ಯಾರೂ ಕೇಳುವುದಿಲ್ಲ. ರೂಟ್ ಆಗಿದ್ದರೆ ಸಾಕು. ಅನಧಿಕಾರಿಯು ಎಷ್ಟೇ ಶುದ್ಧವಾಗಿ ಪಠಿಸಿದರೂ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂಬ ಅಶರೀರವಾಣಿಯೇ ಉತ್ತರ. ಅದನ್ನೇ ‘ಸುಡೊ’ ಎಂಬ ಬೀಜಾಕ್ಷರ ಸೇರಿಸಿ ಪಠಿಸಿ, ಪಾಸ್‌ವರ್ಡ್ ಒಪ್ಪಿಸಿದರೆ, ಕೆಲವು ನಿಮಿಷಗಳ ಮಟ್ಟಿಗೆ ದೀಕ್ಷೆ ದೊರೆಯುತ್ತದೆ.

ಪೂರ್ವಪಕ್ಷ: ಕೇಳಿದವರಿಗೆಲ್ಲ ವಿಳಾಸ ಹಂಚುವ ಡಿಎಚ್‌ಸಿಪಿ 1993ರಿಂದ ಇರುವಾಗ ಕೈಯಾರೆ ಬರೆಯುವ ವ್ರತವೇಕೆ? ಸಿದ್ಧಾಂತ: ಅದು ಕೊಡುವುದು ದಾನವಲ್ಲ, ಗುತ್ತಿಗೆ. ಅವಧಿ ತೀರಿದ ಮೇಲೆ ಸರ್ವರ್ ಬೇರೆ ವಿಳಾಸ ಹಿಡಿದು ಕೂತರೆ ಇಡೀ ಆಫೀಸು ಅದನ್ನು ಹಳೇ ಜಾಗದಲ್ಲೇ ಹುಡುಕುತ್ತದೆ.

ಇನ್ನು ಪಾಠಾಂತರ. ಹಳೆಯ ಪ್ರತಿಗಳಲ್ಲಿ ‘ಈಥ್0’ ಎಂದಿರುವಲ್ಲಿ 2013ರ ಈಚಿನ ಪ್ರತಿಗಳಲ್ಲಿ ‘ಇಎನ್‌ಪಿ3ಎಸ್0’ ಎಂದಿದೆ. ಇದು ಲಿಪಿಕಾರನ ಕೈತಪ್ಪೆಂದು ಕೆಲವರ ಊಹೆ. ಅಲ್ಲ. ಇಎನ್ ಎಂದರೆ ಈಥರ್ನೆಟ್ ಕುಲ, ಪಿ3 ಎಂದರೆ ಮೂರನೇ ಬಸ್ಸು, ಎಸ್0 ಎಂದರೆ ಸೊನ್ನೆಯ ಸ್ಲಾಟು. ಗೋತ್ರ, ಪ್ರವರಸಹಿತ ಅಭಿವಾದನವಿದು. ಸಿಸ್ಟಮ್‌ಡಿ ತಂಡದವರು ವಿಧಿಸಿದ್ದು. ಯಾರಿಗೂ ಬಾಯಿಗೆ ಬರುವುದಿಲ್ಲ ಎಂಬುದೊಂದೇ ಆಕ್ಷೇಪ.

ನಿಜವಾದ ವಾಗ್ವಾದವಿರುವುದು ಬಾಲದಲ್ಲಿರುವ ‘/24’ರ ಬಗ್ಗೆ. ಮೂವತ್ತೆರಡು ಬಿಟ್‌ಗಳಲ್ಲಿ ಮೊದಲ ಇಪ್ಪತ್ನಾಲ್ಕು ಬೀದಿಯನ್ನು, ಉಳಿದ ಎಂಟು ಮನೆಯನ್ನು ಸೂಚಿಸುತ್ತವೆ. ಹೀಗೆ 256 ಸಂಖ್ಯೆಗಳಾಗಿ, ಆದ್ಯಂತಗಳನ್ನು ಬಿಟ್ಟು 254 ವಾಸಯೋಗ್ಯ. ಈ ಬಾಲ ಲೋಪವಾದರೆ ಏನು ಗತಿ? ಇಲ್ಲಿ ಸಂಪ್ರದಾಯಗಳು ಒಡೆಯುತ್ತವೆ. ಬರ್ಕ್ಲಿಯಲ್ಲಿ 1983ರಲ್ಲಿ 4.2ಬಿಎಸ್‌ಡಿಯೊಂದಿಗೆ ಪ್ರಕಟವಾದ ‘ಇಫ್‌ಕಾನ್ಫಿಗ್’ ಪ್ರಾಚೀನ ಮತ. ಲಿನಕ್ಸಿನಲ್ಲಿ ಅದರ ಅನುಯಾಯಿಗಳು ಬಾಲವಿಲ್ಲದೆ 10.0.0.5 ಎಂದರೆ, 1993ರಲ್ಲೇ ಬಿದ್ದುಹೋದ ವರ್ಗವ್ಯವಸ್ಥೆಯನ್ನು ನೆನೆದು, 1,67,77,216 ವಿಳಾಸಗಳನ್ನೂ ನೆರೆಹೊರೆಯೆಂದು ಎಣಿಸಲಾಗುತ್ತದೆ. ವಸುಧೈವ ಕುಟುಂಬಕಂ. ರಷ್ಯಾದ ಅಲೆಕ್ಸಿ ಕುಜ್ನೆತ್ಸೋವ್ ಪ್ರವರ್ತಿಸಿದ ‘ಐಪಿ’ ಮತದಲ್ಲಾದರೋ, ಬಾಲವಿಲ್ಲದ್ದನ್ನು /32 ಎಂದು ಗ್ರಹಿಸುತ್ತಾರೆ. ಬೀದಿಯಲ್ಲಿ ತಾನೊಬ್ಬನೇ, ಪಕ್ಕದ ಮೇಜಿನ ಯಂತ್ರಕ್ಕೂ ದಾರಿಯಿಲ್ಲ. ಶಾಸ್ತ್ರದಲ್ಲಿ ಇದಕ್ಕೆ ಕೈವಲ್ಯವೆಂದು ಹೆಸರು. ಆಫೀಸಿನಲ್ಲಿ ‘ನೆಟ್ ಬರ್ತಿಲ್ಲ’ ಎನ್ನುತ್ತಾರೆ.

ಭೇದ ಇಷ್ಟಕ್ಕೇ ನಿಲ್ಲದು. ಪ್ರಾಚೀನರು ಹೊಸ ವಿಳಾಸ ಕೊಟ್ಟರೆ ಹಳೆಯದು ಅಳಿಯುತ್ತದೆ. ನವ್ಯರ ‘ಆ್ಯಡ್’ ನಿಜಕ್ಕೂ ಆ್ಯಡ್. ಹಳೆಯದರ ಮಗ್ಗುಲಿಗೇ ಹೊಸದು ಬಂದು ಕೂರುತ್ತದೆ. ಹಾಗೆ ಸೇರಿಸಿದ ಎರಡನೆಯದನ್ನು ಇಫ್‌ಕಾನ್ಫಿಗ್ ಮೂಲಕ ನೋಡಿ: ಕಾಣುವುದೇ ಇಲ್ಲ. ಇಂಥ ಕಟ್ಟಾ ಅದ್ವೈತವನ್ನು ಶೃಂಗೇರಿಯಲ್ಲೂ ನಿರೀಕ್ಷಿಸುವಂತಿಲ್ಲ.

ಎರಡೂ ಮತಗಳು ಒಮ್ಮತಕ್ಕೆ ಬರುವುದು ಅನಿತ್ಯತೆಯಲ್ಲಿ ಮಾತ್ರ. ಯಾರೇ ಕೊಟ್ಟಿರಲಿ, ಹೀಗೆ ಕೊಟ್ಟ ವಿಳಾಸ ರೀಬೂಟ್ ಎಂಬ ಪ್ರಳಯದಲ್ಲಿ ಲಯ. ಉಳಿಯಬೇಕಿದ್ದರೆ ಈಟಿಸಿ ಫೋಲ್ಡರಿನ ಕಡತದಲ್ಲಿ ಬರೆದಿಡಬೇಕು. ಇದನ್ನು ದೋಷವೆಂದು ಹಳಿಯುವವರು ‘ಡೆಲ್’ ಸೂತ್ರದ ಪ್ರಕರಣವನ್ನು ಓದಿಲ್ಲ. ದೂರದ ಊರಿನ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಹೊಕ್ಕು, ಹೊಕ್ಕ ವಿಳಾಸವನ್ನೇ ‘ಐಪಿ ಅಡ್ರ್ ಡೆಲ್’ ಎಂದು ಅಳಿಸಿದ ಸಾಧಕನಿಗೆ ಸೂತ್ರದ ಫಲ ತಕ್ಷಣ ಸಿದ್ಧಿಸುತ್ತದೆ. ಸಿದ್ಧಿಸಿತೆಂದು ತಿಳಿಯುವ ದಾರಿ ಮಾತ್ರ ಇರುವುದಿಲ್ಲ. ಪರದೆ ಸ್ತಬ್ಧ. ಆಗ ಪ್ರಳಯವೇ ಶರಣು: ಯಂತ್ರ ಮತ್ತೆ ಎದ್ದರೆ ಕಡತದಲ್ಲಿರುವ ವಿಳಾಸ ತಾನಾಗಿ ಮರಳುತ್ತದೆ. ಆದ್ದರಿಂದ ಸಾಧಕನು ಅಲ್ಲಿನ ರಾತ್ರಿ ಪಾಳಿಯ ವಾಚ್‌ಮನ್‌ಗೆ ಫೋನ್ ಮಾಡಿ, ‘ಅಣ್ಣಾ, ಆ ಕರೀ ಡಬ್ಬಿ ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂದು ಪ್ರಾರ್ಥಿಸತಕ್ಕದ್ದು.

‘ಎಲ್ಲಾ ಕರೀ ಡಬ್ಬಿನೇ ಇದಾವಲ್ಲ ಸಾರ್, ಯಾವ್ದು?’