ಶಾಖಾಚೂರ್ಣಕಯಂತ್ರ ಮೀಮಾಂಸೆ

ಪ್ರಾಚೀನರು ಯಾವ ಶಾಸ್ತ್ರವನ್ನಾದರೂ ಆರಂಭಿಸುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುತ್ತಿದ್ದರಾಗಿ, ಶಿರಸಿಯ ಸೀಮೆಯಲ್ಲಿ 2 ಎಕರೆ ಅಡಿಕೆತೋಟವನ್ನೂ ಅದರ ಬೆನ್ನಿಗಿರುವ ಸೊಪ್ಪಿನಬೆಟ್ಟವನ್ನೂ ಅನುಭವಿಸಿಕೊಂಡು ಬಂದಿರುವ ನಾನು ಆ ಸಂಪ್ರದಾಯವನ್ನು ಮೀರುವುದು ಉಚಿತವಲ್ಲ. ಇಲ್ಲಿ ವಿಷಯವು ಕೊಂಬೆ, ಸೋಗೆ, ಹಾಳೆಗಳನ್ನು ಚೂರು ಮಾಡುವ ಯಂತ್ರ, ಪ್ರಯೋಜನವು ಗೊಬ್ಬರ, ಇವೆರಡರ ಸಂಬಂಧವು ಸೊಸೈಟಿಯ ಸಾಲ. ಅಧಿಕಾರಿಯಾದರೋ, ಸೊಂಟನೋವುಳ್ಳವನೂ, ಆಳು ಸಿಗದವನೂ, ಕೃಷಿಮೇಳದಲ್ಲಿ ಒಂದು ಹಸಿಕೊಂಬೆ ಈ ಯಂತ್ರದ ಬಾಯೊಳಗೆ ಹೋಗಿ ಆಚೆಯಿಂದ ಅವಲಕ್ಕಿಯಂತೆ ಉದುರಿದ್ದನ್ನು ಕಂಡು ಆ ರಾತ್ರಿ ನಿದ್ರೆಗೆಟ್ಟವನೂ ಆಗಿರತಕ್ಕದ್ದು. ಈ ಮೂರು ಲಕ್ಷಣಗಳೂ ಗ್ರಂಥಕರ್ತನಲ್ಲಿ ಪುಷ್ಕಳವಾಗಿವೆ.

ಮೊದಲು ನಾಮವಿಚಾರ. ಆಂಗ್ಲರು ಇದನ್ನು ಚಿಪ್ಪರ್-ಶ್ರೆಡ್ಡರ್ ಎನ್ನುವರು. ನಮ್ಮ ಊರಿನವರು, ಪಾಂಡಿತ್ಯದ ಭಾರವಿಲ್ಲದ ಕಾರಣ, ಸೋಗೆ ಪುಡಿ ಮಾಡುವ ಮಷಿನ್ ಎಂದಷ್ಟಕ್ಕೇ ಬಿಡುವರು. ಚಿಪ್ಪರ್ ಎಂಬುದು ನಮ್ಮ ‘ಚಿಪ್ಪು’ ಶಬ್ದದಿಂದಲೇ ಹುಟ್ಟಿತೆಂಬುದರಲ್ಲಿ ನನಗೆ ಸಂಶಯವಿಲ್ಲ. ವಿಚಾರಮಾಡದೆ ಕೊಂಡವನ ಕೈಗೆ ಕೊನೆಯಲ್ಲಿ ಬರುವುದು ಅದೇ ಆಗಿರುವುದರಿಂದ ಈ ವ್ಯುತ್ಪತ್ತಿಗೆ ಅನುಭವದ ಬೆಂಬಲವೂ ಉಂಟು. ಶ್ರೆಡ್ಡರ್ ಎಂಬುದನ್ನು ಕೆಲವರು ‘ಶ್ರದ್ಧಾ’ ಶಬ್ದದಿಂದ ಸಾಧಿಸುವರು. ಯಂತ್ರವು ತಿರುಗುತ್ತಿರುವಾಗಲೇ ಸಿಕ್ಕಿಕೊಂಡ ಹಾಳೆಯನ್ನು ಕೈಹಾಕಿ ಎಳೆಯಹೋದವನ, ಅಥವಾ ಹೆಗಲಮೇಲಿನ ಪಂಚೆಯ ತುದಿಯನ್ನು ಅದರ ಬಾಯಿಗೆ ಒಪ್ಪಿಸಿದವನ ಬಂಧುಗಳು ‘ಶ್ರಾದ್ಧ’ ಶಬ್ದದಿಂದ ಸಾಧಿಸುವರು. ಎರಡು ಮತಗಳೂ ಗ್ರಾಹ್ಯವೇ.

ಇಷ್ಟರಲ್ಲಿಯೇ ಗೃಹಿಣಿಯು ಜಗಲಿಯಿಂದ ಎರಡು ಆಕ್ಷೇಪಗಳನ್ನು ಎತ್ತಿದಳು. “ಮೆಟ್ಟುಗತ್ತಿಗೆ ಏನಾಗಿದೆ?” ಎಂಬುದು ಮೊದಲನೆಯದು, “ಅದು ಸಂಕ ದಾಟ್ತದಾ?” ಎಂಬುದು ಎರಡನೆಯದು. ಎರಡನೆಯದು ಪ್ರಕೃತಕ್ಕೆ ಅಸಂಗತವಾದ್ದರಿಂದ ಮುಂದೆ ಅವಕಾಶವಾದಲ್ಲಿ ವಿಚಾರಿಸಲಾಗುವುದೆಂದು ತಿಳಿಸಿ, ಮೊದಲನೆಯದಕ್ಕೆ ಸವಿಸ್ತಾರವಾಗಿ ಉತ್ತರಿಸಿದೆನು. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳು. 1956ರಲ್ಲಿ ವಿಟ್ಲದಲ್ಲಿ ಅಡಿಕೆಯ ಸಂಶೋಧನಾಕೇಂದ್ರವು ಸ್ಥಾಪಿತವಾದ ಮೇಲೆ ಈ ಬೆಳೆಯ ಕುರಿತು ಅಳೆಯದೆ ಬಿಟ್ಟದ್ದು ಕಡಿಮೆ. ಸೋಗೆ, ಹಾಳೆ ಎಲ್ಲ ಸೇರಿ ಹೆಕ್ಟೇರಿಗೆ ವರ್ಷಕ್ಕೆ ಐದೂವರೆಯಿಂದ ಆರು ಟನ್ ಉದುರುವುದೆಂದು ವಿಜ್ಞಾನಿಗಳ ಲೆಕ್ಕ. ಹಾಗಾದರೆ ನಮ್ಮ 2 ಎಕರೆಗೆ ಸುಮಾರು ನಾಲ್ಕೂವರೆ ಟನ್. ಇದನ್ನು ಇಡಿಯಾಗಿ ಬಿಟ್ಟರೆ ನಾರಿನ ದೆಸೆಯಿಂದ ಬೇಗ ಕರಗದು; ಚೂರುಮಾಡಿ ಸಗಣಿ ಬೆರೆಸಿ ಎರೆಹುಳುವಿಗೆ ಒಪ್ಪಿಸಿದರೆ ಕೆಲವೇ ತಿಂಗಳುಗಳಲ್ಲಿ ಗೊಬ್ಬರ. ನಾಲ್ಕೂವರೆ ಟನ್ನನ್ನು ಮೆಟ್ಟುಗತ್ತಿಯ ಮುಂದೆ ಕುಳಿತು ಯಾರು ಕೊಚ್ಚುವರೆಂದು ನಾನು ಕೇಳಿದ್ದಕ್ಕೆ, ಇಷ್ಟು ವರ್ಷ ಯಾರು ಕೊಚ್ಚಿದ್ದೆಂದು ಆಕೆ ಮರುಪ್ರಶ್ನೆ ಹಾಕಿದಳು. ಗ್ರಂಥಗೌರವದ ಭಯದಿಂದ ಆ ಚರ್ಚೆಯನ್ನು ಇಲ್ಲಿ ವಿಸ್ತರಿಸಿಲ್ಲ.

ಇನ್ನು ದರ್ಶನಭೇದ. ಈ ಯಂತ್ರಗಳಲ್ಲಿ ಚಕ್ರವಾದಿಗಳು, ಮುದ್ಗರವಾದಿಗಳು ಎಂದು ಎರಡು ಪಂಥಗಳು. ಚಕ್ರವಾದದಲ್ಲಿ ದಪ್ಪನೆಯ ಉಕ್ಕಿನ ತಟ್ಟೆಯೊಂದು ಗರಗರನೆ ತಿರುಗುತ್ತದೆ. ಅದರ ಮುಖದಲ್ಲಿ ಎರಡೋ ನಾಲ್ಕೋ ಅಲಗುಗಳು. ಓರೆಯಾಗಿ ಒಳಹೊಕ್ಕ ಕೊಂಬೆಯನ್ನು ಅಲುಗಾಡದ ಇನ್ನೊಂದು ಅಲಗಿಗೆ ಒತ್ತಿಹಿಡಿದು, ಬಡಗಿಯ ಉಳಿಯಂತೆ ಚಕ್ಕೆ ಚಕ್ಕೆಯಾಗಿ ಸೀಳುತ್ತದೆ. ಮುದ್ಗರವಾದದಲ್ಲಿ ಅಲಗಿಗೆ ಪ್ರಾಧಾನ್ಯವಿಲ್ಲ. ದಂಡಕ್ಕೆ ತೂಗುಬಿಟ್ಟ ಉಕ್ಕಿನ ಸುತ್ತಿಗೆಗಳು ಸಿಕ್ಕಿದ್ದನ್ನೆಲ್ಲ ಬಡಿದು, ಕೆಳಗಿನ ಜರಡಿಯ ತೂತಿನಲ್ಲಿ ಇಳಿಯುವಷ್ಟು ನುಚ್ಚಾಗುವವರೆಗೂ ಬಿಡುವುದಿಲ್ಲ. ಮೊದಲನೆಯದು ತರ್ಕ, ಎರಡನೆಯದು ಹಠ. ತರ್ಕವು ಗಟ್ಟಿಯಾದುದರ ಮೇಲೆ ಮಾತ್ರ ಓಡುವುದೆಂಬುದು ಲೋಕವಿದಿತ. ಜೋಲುಬಿದ್ದ ಸೋಗೆಯ ಎಳೆಗಳನ್ನು ಚಕ್ರದ ಬಾಯಿಗಿಟ್ಟರೆ ಅಲಗಿಗೆ ಹಿಡಿತ ಸಿಗದೆ ಅವು ದಂಡಕ್ಕೆ ಜಡೆ ಹೆಣೆದುಕೊಂಡು ಕೂರುತ್ತವೆ. ಮುದ್ಗರಕ್ಕೆ ಸೋಗೆಯು ಸುಗ್ರಾಸವಾದರೂ ಮಳೆಗಾಲದಲ್ಲಿ ನೆನೆದದ್ದನ್ನು ಬಡಿಸಿದರೆ ಜರಡಿಯು ಕಟ್ಟಿ ಅಜೀರ್ಣವಾಗುತ್ತದೆ. ಕೊಂಬೆಯಾದರೆ ಹಸಿಯಾಗಿದ್ದಷ್ಟು ಅಲಗಿಗೆ ಸುಲಭ, ಸೋಗೆಯಾದರೆ ನಾಲ್ಕು ದಿನ ಬಾಡಿದಷ್ಟು ಸುತ್ತಿಗೆಗೆ ಸುಲಭ. ಆದ್ದರಿಂದ ಸಮನ್ವಯಾಚಾರ್ಯರು ಎರಡು ಬಾಯಿಗಳನ್ನಿಟ್ಟು, ಪಕ್ಕದ ಕೊಳವೆಯಲ್ಲಿ ಕೊಂಬೆಯನ್ನೂ ಮೇಲಿನ ಅಗಲಬಾಯಲ್ಲಿ ಎಲೆಯನ್ನೂ ತಿನ್ನುವ ಉಭಯಾತ್ಮಕ ಯಂತ್ರವನ್ನು ಪ್ರಕಟಿಸಿದ್ದಾರೆ.

ಬಲವಿಚಾರದಲ್ಲಿ ನಾನು ಸ್ವತಂತ್ರವಾದೊಂದು ಸಿದ್ಧಾಂತವನ್ನು ಕಂಡುಹಿಡಿದಿರುವೆನೆಂದು ವಿನಯಪೂರ್ವಕವಾಗಿ ಹೇಳಿಕೊಳ್ಳಬೇಕಾಗಿದೆ. ಕುದುರೆಯೇ ಓಡಾಡದ ಈ ಘಟ್ಟದ ಮೇಲೆ ಯಂತ್ರದ ಶಕ್ತಿಯನ್ನು ಕೋಣದಲ್ಲಿ ಅಳೆಯದೆ ಕುದುರೆಯಲ್ಲಿ ಅಳೆಯುವುದು ಏಕೆಂದು ಚಿಂತಿಸುತ್ತಿದ್ದಾಗ, ಜೇಮ್ಸ್ ವಾಟ್ ಮಹಾಶಯನು ನಿಗದಿಮಾಡಿದ ಒಂದು ಕುದುರೆಯ ಬಲವೆಂದರೆ ಒಂದು ಸೆಕೆಂಡಿನಲ್ಲಿ 550 ಪೌಂಡು ಭಾರವನ್ನು ಒಂದು ಅಡಿ ಎತ್ತುವ ಶಕ್ತಿ ಎಂಬುದು ದೃಷ್ಟಿಗೆ ಬಿತ್ತು. ಎಕರೆಗೆ 550 ಮರ. ಕುದುರೆಗೆ 550 ಪೌಂಡು! ಸ್ಕಾಟ್ಲೆಂಡಿನವನಾದ ವಾಟನು ಅಡಿಕೆತೋಟವನ್ನು ಕಂಡಿರಲಾರನಾದರೂ, ಎಕರೆಗೆ ಒಂದು ಕುದುರೆಯೆಂಬ ಸೃಷ್ಟಿನಿಯಮವು ಆತನ ಬಾಯಿಂದ ಅರಿವಿಲ್ಲದೆ ಹೊರಟಿತೆಂದೇ ಭಾವಿಸಬೇಕು. ಈ ಪ್ರಕಾರ ನಮಗೆ 2 ಕುದುರೆಗಳು ಸಾಕು. ಈ ಸಿದ್ಧಾಂತಕ್ಕೆ ಇರುವ ಒಂದೇ ಬಾಧಕವೆಂದರೆ, ಅಷ್ಟು ಬಲದ ಯಂತ್ರವು ಹೆಬ್ಬೆರಳು ಗಾತ್ರದ ಕೊಂಬೆಯನ್ನು ಕಂಡೊಡನೆ ಧ್ಯಾನಸ್ಥವಾಗುವುದು. ಎರಡಂಗುಲದ ಹಸಿಕೊಂಬೆ ನಿಲ್ಲದೆ ಸಾಗಬೇಕಾದರೆ ಆರೇಳು ಕುದುರೆಗಳ ಪೆಟ್ರೋಲ್ ಎಂಜಿನ್ ಬೇಕೆಂದು ಬಲ್ಲವರು ಹೇಳುತ್ತಾರೆ. ವಿದ್ಯುತ್ತಿನ ಮೋಟಾರಿಗೆ ಸದ್ದೂ ಕಡಿಮೆ, ಖರ್ಚೂ ಕಡಿಮೆ. ಆದರೆ ಮಳೆಗಾಲದ ಮೊದಲ ಗಾಳಿಗೆ ಲೈನಿನ ಮೇಲೆ ಮರ ಬಿದ್ದು, ಕತ್ತರಿಸಬೇಕಾದ ಕೊಂಬೆಯೂ ಕತ್ತರಿಸಲು ಬೇಕಾದ ಕರೆಂಟೂ ಒಂದೇ ಮುಹೂರ್ತದಲ್ಲಿ ನೆಲಕ್ಕೆ ಬರುವ ಸೀಮೆಯಿದು.

ಬಾಯಿಯ ಅಳತೆಯನ್ನು ಕುರಿತು ಇಷ್ಟು ಹೇಳದೆ ಮುಂದುವರಿಯಲಾರೆ. ಮೇಳದಲ್ಲಿ ಸೇರಿದ ಜನವೆಲ್ಲ ಕೇಳುವುದು ಒಂದೇ ಮಾತು: “ಎಷ್ಟು ದಪ್ಪದ್ದು ಹೋಗ್ತದೆ?” ಮಾರುವವನೂ ನೆಟ್ಟಗಿನ, ಕವಲಿಲ್ಲದ, ಆಗತಾನೆ ಕಡಿದ ಮೆದುಮರದ ತುಂಡೊಂದನ್ನು ಪೂಜೆಯ ಕದಳಿಯಂತೆ ಜೋಪಾನವಾಗಿ ಇಟ್ಟುಕೊಂಡಿರುತ್ತಾನೆ. ಆದರೆ ನಮ್ಮಲ್ಲಿ ದಪ್ಪದ್ದು ಎಲ್ಲಿದೆ? ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟ ಹಿಂದಿನ ಸರಕಾರವು ಸೊಪ್ಪು ಸವರುವ ಹಕ್ಕನ್ನು ಕೊಟ್ಟಿತೇ ಹೊರತು ಮರವನ್ನು ಕೊಡಲಿಲ್ಲ. ಮತ್ತಿಯಾಗಲಿ ಹೊನ್ನೆಯಾಗಲಿ ಬುಡಕ್ಕೆ ಕೊಡಲಿ ಇಟ್ಟರೆ ಯಂತ್ರಕ್ಕಿಂತ ಮೊದಲು ಅರಣ್ಯ ಇಲಾಖೆಯವರು ಸದ್ದು ಮಾಡುವರು. ತಾನಾಗಿ ಮುರಿದುಬಿದ್ದ ತೊಡೆಗಾತ್ರದ ಕೊಂಬೆಯೋ, ಅದನ್ನು ಪುಡಿಮಾಡಿ ಮರದ ಬುಡಕ್ಕೆ ಹಾಕುವ ಮೂರ್ಖನು ಈ ತಾಲೂಕಿನಲ್ಲಿ ಹುಟ್ಟಿಲ್ಲ. ಅದು ಬಚ್ಚಲೊಲೆಗೆ ಮೀಸಲು. ಹೀಗೆ ದಪ್ಪದ್ದಕ್ಕೆಂದು ಹಣಕೊಟ್ಟು, ತೆಳ್ಳಗಿನದನ್ನು ತಿನ್ನಲಾರದ ಯಂತ್ರವನ್ನು ತಂದು, ಅದರ ಮೇಲೆ ಕೋಳಿಗಳನ್ನು ಕೂರಿಸಿರುವ ಕೃಷಿಕರನ್ನು ಹೆಸರಿಸದೆ ನಮಸ್ಕರಿಸಿ ಮುಂದಕ್ಕೆ ಹೋಗುತ್ತೇನೆ.

ಈ ಪರಿಯಾಗಿ ಪೂರ್ವೋತ್ತರಪಕ್ಷಗಳನ್ನು ಮಥಿಸಿ, ಮುದ್ಗರಪ್ರಧಾನವಾದ, ದೊಡ್ಡ ಜರಡಿಯ, 7 ಕುದುರೆಗಳ ಉಭಯಾತ್ಮಕ ಯಂತ್ರವೇ ಗ್ರಾಹ್ಯವೆಂದು ನಿರ್ಣಯಿಸಿ, ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಪೇಟೆಯ ಅಂಗಡಿಗೆ ಹೋದೆನು. ಅಂಗಡಿಯ ಹುಡುಗನು ಅಷ್ಟನ್ನೂ ಸಮಾಧಾನದಿಂದ ಕೇಳಿ, ಯಂತ್ರವು ಒಂದು ಕ್ವಿಂಟಲಿಗೆ ಮೇಲೆಯೇ ತೂಗುವುದೆಂದೂ ಗಾಲಿಯಿಂದ ಗಾಲಿಗೆ ಎರಡಡಿಯೆಂದೂ ತಿಳಿಸಿ, “ಹೆಗಡೇರೆ, ತೋಟಕ್ಕೆ ರಸ್ತೆ ಉಂಟಾ?” ಎಂದನು.

ರಸ್ತೆಯಿಲ್ಲ. ನಡುವೆ ಹಳ್ಳವಿದೆ, ಹಳ್ಳದ ಮೇಲೆ ಅಡಿಕೆದಬ್ಬೆಯ ಒಂದೂವರೆ ಅಡಿಯ ಸಂಕವಿದೆ. ಯಂತ್ರವು ಅಂಗಳದಲ್ಲೇ ನಿಂತು ಸೋಗೆಯು ತಲೆಹೊರೆಯಲ್ಲಿ ಅದರ ಬಳಿಗೆ ಬರಬಹುದೆಂಬ ಪಕ್ಷಾಂತರವೂ ಉಂಟು. ಆದರೆ ಆ ಪಕ್ಷದಲ್ಲಿ ತಲೆ ಯಾರದೆಂಬ ಪ್ರಶ್ನೆ ಏಳುತ್ತದೆ.

ಸಂಜೆ ಮನೆಗೆ ಬಂದಾಗ ಗೃಹಿಣಿಯು ಮೆಟ್ಟುಗತ್ತಿಯಿಂದ ತಲೆಯೆತ್ತದೆ, “ಕೇಳಿದ್ನಾ?” ಎಂದಳು. ಯಾರು, ಏನನ್ನು ಎಂದು ನಾನೂ ಕೇಳಲಿಲ್ಲ. ಗ್ರಂಥದ ಉತ್ತರಭಾಗವಾದ ಸಂಕಖಂಡವು ಮರುದಿನವೇ ಆರಂಭವಾಯಿತು. ಅಳತೆಯ ಟೇಪಿನ ಆಚೆಯ ತುದಿಯನ್ನು ಆಕೆಯೇ ಹಿಡಿದಿದ್ದಾಳೆ.