ಚಿಪ್ ಮಾವ

ಅವರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಚಿಪ್ ಮಾವ ಎಂದರೆ ಸಾಕು, ಹಾಲಿನವನೂ ಮನೆ ತೋರಿಸುತ್ತಾನೆ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ದಿನಾ ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದರು; ಮಾವ ಆ ವಾಕಿಂಗನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಟ್ಟುಕೊಂಡರು. ಆ ಇಕ್ಕಟ್ಟಿನ ಬೀದಿಯಲ್ಲಿ ಹೊಸ ಕಂಪ್ಯೂಟರ್ ಸಾಮಾನಿಗೇನೂ ಬರವಿಲ್ಲ. ಆದರೆ ಮಾವನಿಗೆ ಬೇಕಾದದ್ದು ಹಳೆ ಪ್ರೊಸೆಸರುಗಳನ್ನು ಗುಡ್ಡೆ ಹಾಕಿದ ಡಬ್ಬಿ.

ಅದರಲ್ಲೂ ನಾಮಧೇಯ ಇರುವ ಚಿಪ್ಪನ್ನು ಅವರು ಮುಟ್ಟುವುದಿಲ್ಲ. “ಐ5 3470 ಯಾರು ಬೇಕಾದರೂ ತಗೋತಾರೆ ಕಣೋ, ಅದರಲ್ಲೇನು ಮಜಾ?” ಎಂಬುದು ಅವರ ವಾದ.

ಈಚೆಗೆ ತಂಗಿಯ ಮಗ ಕಾಲೇಜಿಗೆಂದು ಕಡಿಮೆ ದುಡ್ಡಿನಲ್ಲಿ ಒಂದು ಕಂಪ್ಯೂಟರ್ ಜೋಡಿಸಿಕೊಡಿ ಎಂದು ಕೇಳಿದ. ಪಾಪ, ಬೇರೆ ಯಾರನ್ನಾದರೂ ಕೇಳಬಹುದಿತ್ತು. ಮಾವ ಅವನನ್ನೂ ಕರೆದುಕೊಂಡು ಹೊರಟರು. ಡಬ್ಬಿಯ ತಳದಿಂದ ಒಂದು ಚಿಪ್ ಎತ್ತಿ, “ಇದು ಯಾವುದಪ್ಪಾ?” ಎಂದರು.

“ಗೊತ್ತಿಲ್ಲ ಸಾರ್. ಆರುನೂರು ಕೊಡಿ. ಟೆಸ್ಟಿಂಗ್ ವಾರಂಟಿ ಅಷ್ಟೇ.”

ಗೊತ್ತಿಲ್ಲ ಅಂದದ್ದೇ ತಡ, ಮಾವ ಚೌಕಾಸಿ ಕೂಡ ಮಾಡದೆ ದುಡ್ಡು ಎಣಿಸಿದರು.

ಮನೆಯಲ್ಲಿ ಊಟದ ಮೇಜು ಖಾಲಿಯಾಯಿತು. ಚಿಪ್ಪಿನ ಮುಚ್ಚಳದ ಮೇಲೆ ಒಣಗಿ ಬೂದಿಬಣ್ಣಕ್ಕೆ ತಿರುಗಿದ್ದ ಪೇಸ್ಟನ್ನು ಹಳೇ ಬನಿಯನ್ ಚೂರಿಗೆ ಸ್ಪಿರಿಟ್ ಹಾಕಿ ಒರೆಸಿದರು. ಮೊಬೈಲ್ ಟಾರ್ಚನ್ನು ಓರೆ ಹಿಡಿದು, ಜಾತಕ ನೋಡುವ ಜೋಯಿಸರ ಗಾಂಭೀರ್ಯದಲ್ಲಿ ಭೂತಗನ್ನಡಿ ಬಗ್ಗಿಸಿದರು. ಮಾಡೆಲ್ ನಂಬರೇ ಇಲ್ಲ! ಇದ್ದದ್ದು ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂಬ ಎರಡು ಪದ, ಕೆಳಗೆ ಕ್ಯೂ ಅಕ್ಷರದಿಂದ ಶುರುವಾಗುವ ನಾಲ್ಕಕ್ಷರದ ಕೋಡು.

“ಇಂಜಿನಿಯರಿಂಗ್ ಸ್ಯಾಂಪಲ್ ಕಣೋ!” ಮಾವನ ದನಿ ನಡುಗಿತು. ಚಿಪ್ ಮಾರುಕಟ್ಟೆಗೆ ಬರುವ ಮೊದಲು ಮದರ್‌ಬೋರ್ಡ್ ಮಾಡುವವರಿಗೆ ಪರೀಕ್ಷೆಗೆಂದು ಕೊಡುವ ಮಾಲು ಅದು. ಕಾಯಿದೆ ಪ್ರಕಾರ ಇಂಟೆಲ್‌ನದೇ ಸೊತ್ತು, ಮಾರುವ ಹಾಗಿಲ್ಲ. ಮಾರುವ ಹಾಗಿಲ್ಲದ್ದು ಅಂಗಡಿಯ ಡಬ್ಬಿಗೆ ಹೇಗೆ ಬಂತು ಎಂದು ಹುಡುಗ ಕೇಳಿದ. ಮಾವನಿಗೆ ಕೇಳಿಸಲಿಲ್ಲ.

ಮುಂದಿನದು ಸಾಕೆಟ್. ಹುಡುಗನ ಜಾಮಿಟ್ರಿ ಬಾಕ್ಸಿನ ಸ್ಕೇಲು ಬಂತು. ಮಗ್ಗುಲು 37.5 ಮಿಲಿಮೀಟರ್. 1155, 1156 ಎರಡೂ ಸಾಕೆಟ್ಟಿನ ಚಿಪ್ ಅಷ್ಟೇ ಅಗಲ. ಅಂಚಿನ ಕಚ್ಚು ಮಾತ್ರ ನಡುಗೆರೆಯಿಂದ 1155ರಲ್ಲಿ 11.5, 1156ರಲ್ಲಿ 9. ಸ್ಕೇಲು 11.5 ಅಂದಿತು. ಹಾಗಾದರೆ 1155, ಅಂದರೆ 2011ರ ಸ್ಯಾಂಡಿ ಬ್ರಿಡ್ಜ್, ಇಲ್ಲವೇ 2012ರ ಐವಿ ಬ್ರಿಡ್ಜ್. ಯಾವುದು? ಹಾಕಿ ನೋಡಿದರೇ ಗೊತ್ತಾಗುವುದು.

ಹಾಕಲು ಎಚ್61 ಬೋರ್ಡ್ ಬಂತು. ಫ್ಯಾನ್ ತಿರುಗಿತು, ಪರದೆ ಕಪ್ಪಾಗೇ ಉಳಿಯಿತು. ಬಯಾಸ್ ಹಳೆಯದು, ಅಪ್‌ಡೇಟ್ ಆಗಬೇಕು ಎಂದರು ಮಾವ. ಅಪ್‌ಡೇಟ್ ಮಾಡಲು ಆ ಬೋರ್ಡಿಗೆ ಗುರುತಿರುವ ಇನ್ನೊಂದು ಪ್ರೊಸೆಸರ್ ಬೇಕು. ಒಂದು ಪೆಂಟಿಯಂ ಬಂತು. ಅಪ್‌ಡೇಟೂ ಆಯಿತು. ಆದರೂ ಸ್ಯಾಂಪಲ್ ಹಾಕಿದರೆ ಚಿತ್ರವಿಲ್ಲ. ಈ ಸ್ಯಾಂಪಲ್ಲಿಗೆ ಗ್ರಾಫಿಕ್ಸ್ ಇರಲಿಕ್ಕಿಲ್ಲ ಎಂದು ತೀರ್ಮಾನವಾಗಿ ಡಿಸ್‌ಪ್ಲೇ ಕಾರ್ಡೂ ಬಂತು. ಅಷ್ಟೊತ್ತಿಗೆ ಪೆಂಟಿಯಂನಲ್ಲೇ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿತ್ತು, ಅದನ್ನೇ ಕೊಟ್ಟುಬಿಡಿ ಎಂದು ಹುಡುಗ ಅಂಗಲಾಚಿದ. ಮಾವ ಅವನನ್ನು ಕನಿಕರದಿಂದ ನೋಡಿದರು.

ಕೊನೆಗೂ ಪರದೆ ಬೆಳಗಿತು. ಸಿಪಿಯು-ಜೆಡ್ ತೆರೆದರು. ಅದು ಚಿಪ್ಪನ್ನೇ ಹೆಸರು ಕೇಳಿ ಹೇಳುವ ತಂತ್ರಾಂಶ. ಚಿಪ್ ಕೊಟ್ಟ ಉತ್ತರ: ‘ಜೆನ್ಯೂಯಿನ್ ಇಂಟೆಲ್ ಸಿಪಿಯು 0000’.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ, “ಆ ಸೊನ್ನೆಗಳ ಮುಂದೆ ಒಂದು ಅಂತ ಬರೆದುಕೊಳ್ಳಿ. ಖರ್ಚಾಗಿದ್ದು ಅಷ್ಟೇ” ಎಂದರು.

ಮಾವ ಕುಗ್ಗಲಿಲ್ಲ. ಎಕ್ಸ್‌ಟೆಂಡೆಡ್ ಮಾಡೆಲ್ ಕಾಲಂನಲ್ಲಿ 3ಎ ಎಂದಿತ್ತು. 2ಎ ಇದ್ದರೆ ಸ್ಯಾಂಡಿ, 3ಎ ಎಂದರೆ ಐವಿ. ಗೋತ್ರ ಸಿಕ್ಕಿತಲ್ಲ, ಹೆಸರು ಹೋದರೆ ಹೋಗಲಿ! ಗುರುತು ಹತ್ತಿದ ಕೂಡಲೇ ಅವರಿಗೆ ಆ ಕಂಪ್ಯೂಟರ್ ಮೇಲೆ ಆಸಕ್ತಿ ಹೊರಟುಹೋಯಿತು. ಮುಚ್ಚಳಕ್ಕೆ ಸ್ಕ್ರೂ ಹಾಕಿದವನು ಹುಡುಗ.

ನೀವೂ ಎಸ್.ಪಿ. ರೋಡಿಗೆ ಹೊರಟಿದ್ದರೆ ಒಂದು ಮಾತು. ಇಂಟೆಲ್ ಚಿಪ್ ಆದರೆ, ಎಸ್ ಅಕ್ಷರದಿಂದ ಶುರುವಾಗುವ ಐದಕ್ಷರದ ಕೋಡು ಇದ್ದರೆ ಮಾತ್ರ ದುಡ್ಡು ಕೊಡಿ. ಕ್ಯೂ ಕಂಡರೆ ಡಬ್ಬಿಯಲ್ಲೇ ಬಿಟ್ಟುಬನ್ನಿ. ಅದಕ್ಕೆ ಮಾವ ಇದ್ದಾರೆ.