ಹೊಟ್ಟೆಯೊಳಗಿನ ಮೆಗಾಬ್ಲಾಕ್

ಆದಿತ್ಯವಾರ ಬೆಳಿಗ್ಗೆ ದಾದರಿನವರು ಪೇಪರು ಬಿಡಿಸಿದರೆ ಮೊದಲು ಹುಡುಕುವುದು ಮೆಗಾಬ್ಲಾಕ್ ಎಲ್ಲಿಂದ ಎಲ್ಲಿಗೆ ಎಂದು. ಹಳಿ, ಸಿಗ್ನಲ್ಲು, ತಲೆಯ ಮೇಲಿನ ತಂತಿ ರಿಪೇರಿ ಮಾಡಲು ಕೆಲವು ತಾಸು ಗಾಡಿ ನಿಲ್ಲಿಸುವುದಕ್ಕೆ ಮಧ್ಯ ರೈಲ್ವೆಯವರು ಮೆಗಾಬ್ಲಾಕ್ ಎಂದು ಹೆಸರಿಟ್ಟರೆ, ಪಶ್ಚಿಮ ರೈಲ್ವೆಯವರು ತಾವೇನು ಕಡಿಮೆ ಎಂದು ಜಂಬೋ ಬ್ಲಾಕ್ ಅಂದರು. ಎರಡೂ ಲೈನು ಕೂಡುವ ದಾದರಿನಲ್ಲಿ ನಲವತ್ತು ವರ್ಷ ಬಾಳಿದವನೆಂದೋ ಏನೋ, ಡಾಕ್ಟರು ನನಗೆ ಎರಡನ್ನೂ ಒಟ್ಟಿಗೇ ಬರೆದುಕೊಟ್ಟರು. ಬಾಯಿಯಿಂದ ಇಳಿಸುವ ಎಂಡೋಸ್ಕೋಪಿ ಮೆಗಾ. ಹಿಂಬಾಗಿಲಿನಿಂದ ಹತ್ತಿಸುವ ಕೊಲೊನೋಸ್ಕೋಪಿ ಜಂಬೋ.

ತಪ್ಪು ನನ್ನದೇ. ಹೊಟ್ಟೆ ಉರಿದರೆ ‘ಗ್ಯಾಸು’, ಎದೆ ಉರಿದರೆ ‘ಗ್ಯಾಸು’, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೂ ‘ಗ್ಯಾಸೇ ಇರಬೇಕು’ ಎಂದು ಓಮ ಜಗಿದು ಎರಡು ವರ್ಷ ದೂಡಿದ್ದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಎಂದು ಬಂದಾಗ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅರವತ್ತು ದಾಟಿದ ಗಂಡಸಿನ ರಕ್ತ ಕಾರಣವಿಲ್ಲದೆ ಕಡಿಮೆಯಾದರೆ ಅದು ಎಲ್ಲೋ ಒಳಗೇ ಸೋರುತ್ತಿರಬಹುದು, ಕೊಳಾಯಿ ತೆರೆದು ನೋಡಲೇಬೇಕು ಎಂದರು. ಸೋಮವಾರ ಬೆಳಿಗ್ಗೆ ಪರೀಕ್ಷೆ; ಅಂದರೆ ತಯಾರಿ ಸರಿಯಾಗಿ ಆದಿತ್ಯವಾರ!

ಕೊಟ್ಟ ಚೀಟಿಯಲ್ಲಿ ‘ತಿನ್ನಬಾರದ್ದು’ ಎಂಬ ಪಟ್ಟಿ ನಮ್ಮ ಉಡುಪಿ ಕಡೆಯ ಅಡಿಗೆಮನೆಯಲ್ಲೇ ಕೂತು ಬರೆದಂತಿತ್ತು. ಸೊಪ್ಪು ಬೇಡ ಎಂದರೆ ಬಸಳೆ ಹೋಯಿತು. ಕಾಳು ಬೇಡ ಎಂದರೆ ಹುರುಳಿ, ಹೆಸರು ಹೋದವು. ಬೀಜ ಬೇಡ ಎಂದರೆ ಸೌತೆ ಹೋಯಿತು. ತೌಡಿರುವ ಧಾನ್ಯ ಬೇಡ ಎಂಬಲ್ಲಿಗೆ ನನ್ನ ಕುಚ್ಚಲಕ್ಕಿ ಗಂಜಿಯೂ ಹೋಯಿತು. “ಬೆಳ್ತಿಗೆ ಅನ್ನ, ಮಜ್ಜಿಗೆ, ಅಷ್ಟೆ ಮಾರಾಯ್ರೇ. ಎರಡು ದಿನ ದೊಡ್ಡ ಮನುಷ್ಯರ ಹಾಗೆ ಬಿಳಿ ಅನ್ನ ಉಣ್ಣಿ” ಎಂದು ಹೆಂಡತಿ ಸಮಾಧಾನ ಹೇಳಿದಳು. ಆದಿತ್ಯವಾರಕ್ಕಂತೂ ಅದೂ ಇಲ್ಲ. ಎಳನೀರು, ಸೋಸಿದ ತಿಳಿ, ಹಾಲಿಲ್ಲದ ಚಹಾ. ಕೆಂಪು ಬಣ್ಣದ ಪಾನಕ ಕೂಡ ನಿಷಿದ್ಧ, ಒಳಗೆ ರಕ್ತದ ಹಾಗೆ ಕಾಣುತ್ತದಂತೆ.

ಉಪವಾಸ ಮಾಡಲು ದಾದರಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ವಡಾಪಾವ್ ಹುಟ್ಟಿದ್ದೇ ಇಲ್ಲಿ. 1966ರಲ್ಲಿ ಸ್ಟೇಷನ್ನಿನ ಹೊರಗೆ ಅಶೋಕ್ ವೈದ್ಯ ಎಂಬವರ ಗಾಡಿಯಲ್ಲಿ ಎಂದು ಊರೆಲ್ಲ ಹೇಳುತ್ತದೆ. ಆ ವಂಶದ ಒಂದು ಬಾಣಲೆ ನಮ್ಮ ಚಾಳಿನ ಕೆಳಗೇ ಬೆಳಗಿನಿಂದ ಕಾಯುತ್ತದೆ. ಎದುರು ಕೋಣೆಯ ಆಜಿಗೆ ನಾನು ಉಪವಾಸ ಎಂದು ತಿಳಿದದ್ದೇ ತಡ, ತಟ್ಟೆ ತುಂಬ ಸಾಬೂದಾಣಾ ವಡೆ ತಂದಿಟ್ಟರು. ಮಹಾರಾಷ್ಟ್ರದಲ್ಲಿ ಉಪವಾಸವೆಂದರೆ ಉಳಿದ ದಿನಕ್ಕಿಂತ ಹೆಚ್ಚು ತಿನ್ನುವುದು. ಇದು ದೇವರ ಉಪವಾಸವಲ್ಲ, ಡಾಕ್ಟರ ಉಪವಾಸ ಎಂದು ಬಿಡಿಸಿ ಹೇಳಬೇಕಾಯಿತು. ಹೇಳಿದ್ದೇ ಎಡವಟ್ಟಾಯಿತು. ಆಜಿಗೆ ಹೇಳುವುದೂ ಸ್ಟೇಷನ್ನಿನ ಮೈಕಿನಲ್ಲಿ ಹೇಳುವುದೂ ಒಂದೇ.

ಇಲ್ಲಿ ನಮ್ಮ ಚಾಳಿನ ಭೂಗೋಳ ಹೇಳಬೇಕು. ಮಹಡಿಗೆ ಹದಿನಾಲ್ಕು ಕೋಣೆ, ಉದ್ದಕ್ಕೆ ಒಂದು ಗ್ಯಾಲರಿ, ಅದರ ತುದಿಗೆ ಎಲ್ಲರಿಗೂ ಸೇರಿ ನಾಲ್ಕು ಸಂಡಾಸು. ಹದಿನಾಲ್ಕು ಮನೆಯ ಕರುಳುಗಳು ಒಂದು ಅಲಿಖಿತ ಟೈಮ್‌ಟೇಬಲ್ ಪ್ರಕಾರ ಓಡುವ ಕಡೆ ನಾನೊಬ್ಬ ರಾತ್ರಿಯೊಳಗೆ ಹದಿನೈದು ಸಲ ಓಡಬೇಕಿತ್ತು. ಹೋಟೆಲಲ್ಲಿ ಕೋಣೆ ಹಿಡಿಯೋಣವೇ ಎಂದು ಹೆಂಡತಿಯ ಹತ್ತಿರ ಪಿಸುಗುಟ್ಟುತ್ತಿದ್ದಂತೆ ಹೊರಗೆ ಸುತ್ತಿಗೆಯ ಸದ್ದು ಕೇಳಿತು. ಹೋಗಿ ನೋಡಿದರೆ ನಾಲ್ಕನೆಯದರ ಬಾಗಿಲಿಗೆ ಒಂದು ರಟ್ಟು: ‘ರಾಖೀವ್. ಅಣ್ಣಾಂಸಾಠೀ.’ ಅಣ್ಣನಿಗಾಗಿ ಮೀಸಲು. ಮುಂಬಯಿಗೆ ಬಂದ ದಿನದಿಂದ ನಾನು ಎಲ್ಲರ ಬಾಯಲ್ಲೂ ‘ಅಣ್ಣಾ’. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದರೂ ಒಂದು ಕುರ್ಚಿಯ ಮೇಲೆ ನನ್ನ ಹೆಸರು ಬಂದಿರಲಿಲ್ಲ. ಕಡೆಗೂ ಒಂದು ಬಾಗಿಲ ಮೇಲೆ ಬಂತು.

ಸಂಜೆ ಆರಕ್ಕೆ ಪುಡಿಯ ಪೊಟ್ಟಣ ಒಡೆದು ಎರಡು ಲೀಟರು ನೀರಿಗೆ ಕಲಸಿದ್ದಾಯಿತು. ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ರುಚಿ ಕೇಳಿದರೆ, ದಾದರ್ ಚೌಪಾಟಿಯ ಅಲೆಗೆ ಲಿಂಬೆ ಹಿಂಡಿದ ಹಾಗೆ. ಈ ಪುಡಿ ಮೈಗೆ ಹತ್ತುವುದಿಲ್ಲ. ನೀರನ್ನು ಕರುಳೊಳಗೇ ಹಿಡಿದಿಟ್ಟುಕೊಂಡು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೊಚ್ಚಿಕೊಂಡು ಹೊರಡುತ್ತದೆ. ಮೂರು ಲೋಟದವರೆಗೆ ಏನೂ ಆಗಲಿಲ್ಲ. ‘ನಮ್ಮ ಕರುಳು ಗಟ್ಟಿ, ತುಳುನಾಡಿನದು’ ಎಂದು ಜಂಬ ಕೊಚ್ಚಿದೆ. ನಾಲ್ಕನೆಯ ಲೋಟಕ್ಕೆ ಹೊಟ್ಟೆಯಲ್ಲಿ ಗುಡುಗಿತು. ಆಮೇಲೆ ಬಂದದ್ದು ಜುಲೈ ತಿಂಗಳ ಮುಂಬಯಿ.

ಗ್ಯಾಲರಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ನನ್ನನ್ನು ಕಂಡದ್ದೇ ಗೋಡೆಗೆ ಒರಗಿ ದಾರಿ ಬಿಟ್ಟರು. ಒಬ್ಬ ಪುಂಡ ಲೋಕಲ್ ಗಾಡಿಯ ಹೆಣ್ಣುದನಿಯಲ್ಲಿ “ಪುಢೀಲ್ ಸ್ಟೇಶನ್...” ಎಂದು ಶುರುಮಾಡಿದ, ಆಜಿ ಗದರಿದರು. ಒಂಬತ್ತರ ಹೊತ್ತಿಗೆ ನನ್ನ ಪ್ರಯಾಣದ ಲೆಕ್ಕ ನನಗಿಂತ ಚಾಳಿಗೇ ಚೆನ್ನಾಗಿ ಗೊತ್ತಿತ್ತು. ‘ನೀರಾಗಿ ಹೋಗುತ್ತಿದೆಯಾ? ಇನ್ನೂ ಹಳದಿಯಾ?’ ಎಂದು ಅಡಿಗೆ ವಿಚಾರಿಸುವ ಸಹಜತೆಯಲ್ಲಿ ಹೆಂಗಸರು ನನ್ನ ಹೆಂಡತಿಯನ್ನು ವಿಚಾರಿಸುತ್ತಿದ್ದರು. ನಾಚಿಕೆ ಎಂಬುದು ಕೂಡ ಆ ಪುಡಿಯ ಜೊತೆ ಕೊಚ್ಚಿಹೋಗುವ ವಸ್ತುವೆಂದು ಚೀಟಿಯಲ್ಲಿ ಬರೆದಿರಲಿಲ್ಲ.

ಸೋಮವಾರ ಆಸ್ಪತ್ರೆಯಲ್ಲಿ ಸರದಿ ಕಾಯುತ್ತ ಮೊಬೈಲಿನಲ್ಲಿ ಈ ಪರೀಕ್ಷೆಯ ಇತಿಹಾಸ ಓದಿದೆ, ಓದಬಾರದಿತ್ತು. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್ಮಾಲ್ ಎಂಬ ವೈದ್ಯ ಹೊಟ್ಟೆ ಇಣುಕಿ ನೋಡಲು ನೆಟ್ಟಗಿನ ಲೋಹದ ಕೊಳವೆ ಮಾಡಿಸಿದ. ಅದನ್ನು ನುಂಗುವವರು ಯಾರು? ಕತ್ತಿ ನುಂಗುವ ಆಟದವನನ್ನೇ ಕರೆಸಿದನಂತೆ. ನಾನು ಜಾತ್ರೆಯಲ್ಲಿ ಕತ್ತಿ ನುಂಗುವವನನ್ನು ನೋಡಿ ಕಣ್ಣು ಮುಚ್ಚಿಕೊಂಡವನು. ಪುಣ್ಯಕ್ಕೆ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, 1954ರಲ್ಲಿ ಇಂಗ್ಲೆಂಡಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಕೂದಲೆಳೆಯಂಥ ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರವನ್ನು ಬಳುಕಿಸಿ ಕಳಿಸಬಹುದೆಂದು ತೋರಿಸಿದರು. ಅದೇ ದಾರಿಯಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಬಾಗುವ ಕೊಳವೆ ಮಾಡಿ, 1957ರಲ್ಲಿ ಮೊದಲು ತಾನೇ ನುಂಗಿದರು. ಊಟ ಬಡಿಸುವ ಮೊದಲು ರುಚಿ ನೋಡಿದ ಅಂಥ ಅಡಿಗೆಯವರ ಮೇಲೆ ನನಗೆ ಭರವಸೆ ಬಂತು.

ಒಳಗೆ ಎಡಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಮರಗಟ್ಟುವ ಔಷಧಿ ಚಿಮುಕಿಸಿ, ಸೂಜಿ ಚುಚ್ಚಿದರು. ಮಾತಾಡಿಸಲೆಂದು “ಮನೆ ಎಲ್ಲಿ ಕಾಕಾ?” ಎಂದು ಕೇಳಿದರು. “ದಾದರ್.” “ಈಸ್ಟಾ, ವೆಸ್ಟಾ?” ‘ವೆ’ ಎನ್ನುವಷ್ಟರಲ್ಲಿ ಕಣ್ಣು ಬಿಟ್ಟೆ, ಎಲ್ಲ ಮುಗಿದಿತ್ತು. ಐದು ಅಡಿ ಉದ್ದದ ದೊಡ್ಡ ಕರುಳನ್ನು ತುದಿಯವರೆಗೆ ನೋಡಿ ಬಂದಿದ್ದರು. ನನಗೆ ‘ಸ್ಟ್’ ಹೇಳುವುದು ಮಾತ್ರ ಬಾಕಿ.

ಚೇತರಿಕೆಯ ಕಥೆ ಪೂರಾ ಗಾಳಿಯದು. ಕರುಳು ಹಿಗ್ಗಿಸಿ ನೋಡಲು ಒಳಗೆ ತುಂಬಿದ ಗಾಳಿ ಹೊರಡಬೇಕಲ್ಲ. ಹತ್ತು ನಿಮಿಷಕ್ಕೊಮ್ಮೆ ನರ್ಸಮ್ಮ ಬಂದು “ಗ್ಯಾಸ್ ಪಾಸ್ ಝಾಲಾ ಕಾ?” ಎನ್ನುತ್ತಿದ್ದಳು. ಬಾಲ್ಯದಿಂದ ಯಾವ ಸದ್ದಿಗಾಗಿ ಅಪ್ಪನಿಂದ ಪೆಟ್ಟು ತಿಂದಿದ್ದೆನೋ ಅದೇ ಸದ್ದಿಗೆ ಅಲ್ಲಿ “ಶಾಬಾಸ್ ಕಾಕಾ!” ಎಂಬ ಬಹುಮಾನ. 24 ಗಂಟೆ ಗಾಡಿ ಓಡಿಸಬೇಡಿ, ಮುಖ್ಯ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಹೇಳಿ ಕಳಿಸಿದರು. ನನ್ನಲ್ಲಿ ಗಾಡಿಯೂ ಇಲ್ಲ, ಅಂಥ ಕಾಗದವೂ ಇಲ್ಲ. ಆದರೂ ಆ ಒಂದು ದಿನ ಶ್ರೀಮಂತನಾಗಿದ್ದೆ.

ಮನೆಗೆ ಬಂದರೆ ಆಜಿಯ ಮನೆಯಿಂದ ತುಪ್ಪ, ಉಪ್ಪು ಹಾಕಿದ ಮವೂ ಭಾತ ಬಂದಿತ್ತು. ಮೆತ್ತಗೆ ಬೇಯಿಸಿದ ಅನ್ನ. ಮರಾಠಿ ಮಾತಾಡುವ ಗಂಜಿ. ಮೊದಲ ತುತ್ತು ಇಳಿಯುವ ದಾರಿ ಉದ್ದಕ್ಕೂ ಗೊತ್ತಾಯಿತು. ವರದಿಯಲ್ಲಿ ಎರಡು ಸಂಗತಿ ಇದ್ದವು. ಗಂಟುನೋವಿಗೆಂದು ನಾನೇ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಜಿನುಗುತ್ತಿತ್ತು. ಕರುಳಲ್ಲಿ ಐದು ಮಿಲಿಮೀಟರಿನ ಒಂದು ಪಾಲಿಪ್ ಇತ್ತು, ಅಣಬೆಯಂಥ ಪುಟ್ಟ ಗಂಟು. ನಿದ್ದೆಯಲ್ಲಿದ್ದಾಗಲೇ ಕಿತ್ತು ಪರೀಕ್ಷೆಗೆ ಕಳಿಸಿದ್ದರು. ನಿರಪಾಯ ಎಂದು ಬಂತು. ಅಂಥವು ಕೆಲವು ವರ್ಷ ಬಿಟ್ಟರೆ ಕ್ಯಾನ್ಸರಿಗೆ ತಿರುಗುವುದುಂಟು, ಈಗಲೇ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ನಾನು ಓಮ ಜಗಿಯುತ್ತಿದ್ದ ಎರಡು ವರ್ಷ ನೆನಪಾಗಿ ಬೆವರಿದೆ.

ವಾರದ ಮೇಲೆ ಒಂದು ರಾತ್ರಿ ನಮ್ಮ ಮಹಡಿಯ ತುದಿ ಕೋಣೆಯವರೊಬ್ಬರು ಬಂದು ಗ್ಯಾಲರಿಯ ಕಟಕಟೆಗೆ ಒರಗಿ ನಿಂತರು. ಹವೆ, ಕ್ರಿಕೆಟ್ಟು ಎಲ್ಲ ಮಾತಾದ ಮೇಲೆ ದನಿ ತಗ್ಗಿಸಿದರು. ಎಂಟು ತಿಂಗಳಿಂದ ರಕ್ತ ಬೀಳುತ್ತಿದೆಯಂತೆ. ಮೂಲವ್ಯಾಧಿ ಇರಬೇಕು ಎಂದು ಹೆಂಡತಿಗೂ ಹೇಳಿಲ್ಲವಂತೆ. “ತುಂಬ ನೋವಾಗುತ್ತದಾ ಅಣ್ಣಾ?” ಎಂದು ಕೇಳಿದರು. “ನೋವಿಲ್ಲ. ಆ ನೀರಿನ ರುಚಿ ಮಾತ್ರ ಕೆಟ್ಟದ್ದು” ಎಂದು ಹೇಳಿ, ಡಾಕ್ಟರ ನಂಬರು ಬರೆದುಕೊಟ್ಟೆ.

ಬರುವ ಆದಿತ್ಯವಾರ ಅವರ ಮೆಗಾಬ್ಲಾಕ್. ರಟ್ಟು ನಮ್ಮ ಮನೆಯಲ್ಲೇ ಇದೆ. ‘ಅಣ್ಣಾಂಸಾಠೀ’ ಎಂಬಲ್ಲಿ ಕಾಗದ ಅಂಟಿಸಿ ಅವರ ಹೆಸರು ಬರೆದಿದ್ದೇನೆ. ಮೊಳೆ ಹೊಡೆಯುವುದೊಂದು ಬಾಕಿ.